ಬದಲಾಗದ ಸಂಖ್ಯೆ: ಸಿರಿಲ್ ಬರ್ಟ್ ಪ್ರಕರಣ

ಒಂದೇ ರೂಪದ ಇಬ್ಬರು ಅವಳಿ ಮಕ್ಕಳು. ಹೆತ್ತವರು ತೀರಿಕೊಂಡರೆಂದೋ, ಸಾಕಲು ಕೈಲಾಗದೆಯೋ, ಒಂದು ಮಗು ಉಳ್ಳವರ ಮನೆಗೂ ಇನ್ನೊಂದು ಕೂಲಿಯವನ ಮನೆಗೂ ಸೇರಿತೆಂದು ಇಟ್ಟುಕೊಳ್ಳೋಣ. ಇಬ್ಬರೂ ಬೆಳೆದ ಮೇಲೆ ಅವರ ಬುದ್ಧಿಶಕ್ತಿಯನ್ನು ಅಳೆದರೆ ಏನು ಕಂಡೀತು? ಬುದ್ಧಿ ಹುಟ್ಟಿನಿಂದಲೇ ಬರುವುದಾದರೆ ಇಬ್ಬರೂ ಸರಿಸಮ ಇರಬೇಕು. ಬೆಳೆದ ಮನೆ, ಕಲಿತ ಶಾಲೆ, ಉಂಡ ಅನ್ನದಿಂದ ಬರುವುದಾದರೆ ಇಬ್ಬರ ನಡುವೆ ಅಜಗಜಾಂತರ ಇರಬೇಕು.

ಒಂದೇ ಅಂಡ ಒಡೆದು ಎರಡಾಗಿ ಹುಟ್ಟಿದ ತದ್ರೂಪಿ ಅವಳಿಗಳ ಆನುವಂಶಿಕ ಗುಣಗಳು ಒಂದೇ. ಅಂಥವರು ಬೇರೆ ಬೇರೆ ಮನೆಗಳಲ್ಲಿ ಬೆಳೆದರೆ, ಯಾವ ವಿಜ್ಞಾನಿಯೂ ತಾನಾಗಿ ಮಾಡಲಾಗದ ಪ್ರಯೋಗವನ್ನು ಪ್ರಕೃತಿಯೇ ಮಾಡಿಟ್ಟಂತೆ. ಆದರೆ ಅಂಥ ಜೋಡಿಗಳು ಸಿಗುವುದು ಬಲು ಅಪರೂಪ. ಅಮೆರಿಕದ ಷಿಕಾಗೋದಲ್ಲಿ ಮೂವರು ಸಂಶೋಧಕರು ವರ್ಷಗಟ್ಟಲೆ ಹುಡುಕಿ 1937ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದ್ದದ್ದು 19 ಜೋಡಿಗಳು. ಡೆನ್ಮಾರ್ಕಿನಲ್ಲಿ 1965ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೇವಲ 12. ಹೀಗಿರುವಾಗ 1966ರಲ್ಲಿ ಬ್ರಿಟನ್ನಿನ ಮನೋವಿಜ್ಞಾನಿಯೊಬ್ಬ ಒಟ್ಟು 53 ಜೋಡಿಗಳ ಲೆಕ್ಕವನ್ನು ಮುಂದಿಟ್ಟಾಗ ವಿದ್ವತ್ ಲೋಕ ತಲೆದೂಗಿತು. ಆತನೇ ಸರ್ ಸಿರಿಲ್ ಬರ್ಟ್. ಆಗ ಆತನಿಗೆ 83 ವರ್ಷ. ಇನ್ನು ಹತ್ತು ವರ್ಷಗಳಲ್ಲಿ ಆ ಲೆಕ್ಕವೇ ಮನೋವಿಜ್ಞಾನದ ಅತಿ ದೊಡ್ಡ ಹಗರಣವಾಗಲಿತ್ತು.

ಪಂಡಿತನ ಎತ್ತರ

ಬರ್ಟ್ ಸಾಮಾನ್ಯ ಮನುಷ್ಯನಲ್ಲ. 1883ರಲ್ಲಿ ಹುಟ್ಟಿದ ಆತ 1913ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ಲಿನ ಮನೋವಿಜ್ಞಾನಿಯಾಗಿ ನೇಮಕಗೊಂಡ. ಶಾಲಾ ಮಕ್ಕಳಿಗಾಗಿ ಇಂಥದೊಂದು ಹುದ್ದೆ ಬ್ರಿಟನ್ನಿನಲ್ಲಿ ಅದೇ ಮೊದಲು. ಬಡವರ ಕೇರಿಗಳಲ್ಲಿ ಓಡಾಡಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನೂ ಬಾಲಾಪರಾಧಿಗಳನ್ನೂ ಕುರಿತು ಆತ ಬರೆದ ಪುಸ್ತಕಗಳು ಹೆಸರುವಾಸಿಯಾದವು. 1930ರ ದಶಕದ ಆರಂಭದಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಮನೋವಿಜ್ಞಾನ ಪೀಠ ಆತನ ಪಾಲಿಗೆ ಬಂತು. 1946ರಲ್ಲಿ 'ಸರ್' ಪದವಿ ಸಿಕ್ಕಿತು. ಮನೋವಿಜ್ಞಾನಿಯೊಬ್ಬನಿಗೆ ಆ ಗೌರವ ಸಂದದ್ದು ಅದೇ ಮೊದಲು.

ಈ ಪೀಠಕ್ಕೂ ಮೈಸೂರಿಗೂ ಒಂದು ನಂಟಿದೆ. ಬರ್ಟ್‌ಗೆ ಮೊದಲು ಅಲ್ಲಿ ಪ್ರಾಧ್ಯಾಪಕನಾಗಿದ್ದವನು ಚಾರ್ಲ್ಸ್ ಸ್ಪಿಯರ್‌ಮನ್. ಎಲ್ಲ ಬಗೆಯ ಜಾಣ್ಮೆಗಳ ಹಿಂದೆಯೂ ಒಂದು ಸಾಮಾನ್ಯ ಬುದ್ಧಿಶಕ್ತಿ ಇದೆಯೆಂದು ವಾದಿಸಿದವನು. ಆತನ ಬಳಿ ಸಂಶೋಧನೆ ಮಾಡಿ ಮರಳಿದ ಎಂ.ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ. ಪಶ್ಚಿಮದಲ್ಲಿ ರೂಪುಗೊಂಡ ಬುದ್ಧಿಮಾಪನ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಒಗ್ಗಿಸುವ ಕೆಲಸಕ್ಕೂ ಅವರು ಕೈಹಾಕಿದ್ದರು. ಹಾಗಾಗಿ ಬುದ್ಧಿಯನ್ನು ಅಳೆಯುವ ಬಗೆಗಿನ ಲಂಡನ್ನಿನ ಚರ್ಚೆಗಳು ಮೈಸೂರಿನ ತರಗತಿಗಳಿಗೆ ಅಪರಿಚಿತವೇನಲ್ಲ.

ಬುದ್ಧಿ ಬಹುಮಟ್ಟಿಗೆ ಹುಟ್ಟಿನಿಂದ ಬರುತ್ತದೆ ಎಂಬುದು ಬರ್ಟ್‌ನ ಜೀವಮಾನದ ನಂಬಿಕೆ. ಅದು ಬರಿಯ ಪುಸ್ತಕದ ಚರ್ಚೆಯಾಗಿ ಉಳಿಯಲಿಲ್ಲ. 1944ರ ಶಿಕ್ಷಣ ಕಾಯ್ದೆಯ ನಂತರ ಇಂಗ್ಲೆಂಡಿನ ಮಕ್ಕಳು 11ನೆಯ ವಯಸ್ಸಿನ ಆಸುಪಾಸಿನಲ್ಲಿ ಒಂದು ಪರೀಕ್ಷೆ ಬರೆಯಬೇಕಾಯಿತು. 'ಇಲೆವೆನ್ ಪ್ಲಸ್' ಎಂದು ಕರೆಯಲಾದ ಈ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಗ್ರಾಮರ್ ಶಾಲೆ, ಅಲ್ಲಿಂದ ಮುಂದೆ ವಿಶ್ವವಿದ್ಯಾಲಯದ ದಾರಿ. ಉಳಿದ ಬಹುಪಾಲು ಮಕ್ಕಳಿಗೆ ಬೇರೆ ಶಾಲೆ, ಬೇರೆ ಬದುಕು. ಈ ವ್ಯವಸ್ಥೆಯನ್ನು ಬರ್ಟ್ ಒಬ್ಬನೇ ತಂದನೆನ್ನುವುದು ಅತಿಶಯೋಕ್ತಿ. ಆತನ ಅವಳಿಗಳ ಮುಖ್ಯ ಪ್ರಬಂಧಗಳು ಬಂದದ್ದೇ ಆ ಕಾಯ್ದೆಯ ಎಷ್ಟೋ ವರ್ಷಗಳ ನಂತರ. ಆದರೆ ಹನ್ನೊಂದರ ಹರೆಯದಲ್ಲೇ ಮಗುವಿನ ಬುದ್ಧಿಯ ಮಿತಿಯನ್ನು ಅಳೆದು ಹೇಳಬಹುದೆಂಬ ನಂಬಿಕೆಗೆ ಸರ್ಕಾರಿ ಸಮಿತಿಗಳ ಮುಂದೆ ಬಲ ತುಂಬಿದವರಲ್ಲಿ ಆತ ಪ್ರಮುಖ. ಮುಂದೆ ಆ ವ್ಯವಸ್ಥೆಯನ್ನು ಕೈಬಿಡುವ ಮಾತು ಬಂದಾಗ ಅದರ ಪರವಾಗಿ ಬರೆದವನೂ ಆತನೇ.

ಮೂರು ಸಲ ಅದೇ ಅಂಕಿ

ಇಬ್ಬರು ಅವಳಿಗಳ ಬುದ್ಧಿಮಟ್ಟ ಎಷ್ಟು ಹೊಂದುತ್ತದೆ ಎಂಬುದನ್ನು ಸಂಶೋಧಕರು ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಇದಕ್ಕೆ ಸಹಸಂಬಂಧಾಂಕ ಎಂದು ಹೆಸರು. ಹೊಂದಿಕೆ ಏನೇನೂ ಇಲ್ಲದಿದ್ದರೆ ಅದು ಸೊನ್ನೆ, ಸಂಪೂರ್ಣ ಹೊಂದಿದರೆ ಒಂದು. ಬರ್ಟ್ 1955ರಲ್ಲಿ, ಬೇರೆ ಬೇರೆಯಾಗಿ ಬೆಳೆದ 21 ಜೋಡಿಗಳನ್ನು ಪರೀಕ್ಷಿಸಿದಾಗ 0.771 ಬಂತೆಂದು ಬರೆದ. 1958ರಲ್ಲಿ ಜೋಡಿಗಳ ಸಂಖ್ಯೆ ಮೂವತ್ತನ್ನು ದಾಟಿತ್ತು, ಉತ್ತರ 0.771. 1966ರಲ್ಲಿ ಜೋಡಿಗಳು 53. ಉತ್ತರ ಮತ್ತೆ 0.771. ಒಂದೇ ಮನೆಯಲ್ಲಿ ಬೆಳೆದ ತದ್ರೂಪಿ ಅವಳಿಗಳ ಸಂಖ್ಯೆಯೂ ಹಾಗೆಯೇ: ಮೂರು ಸಲವೂ 0.944.

ಇದರಲ್ಲೇನು ವಿಶೇಷ ಎನ್ನಿಸಬಹುದು. ಒಂದು ತರಗತಿಯಲ್ಲಿ 21 ಮಕ್ಕಳಿದ್ದಾರೆ. ಅವರ ಸರಾಸರಿ ಎತ್ತರವನ್ನು ದಶಮಾಂಶದ ಮೂರನೆಯ ಸ್ಥಾನದವರೆಗೆ ಲೆಕ್ಕ ಹಾಕಿದ್ದೀರಿ. ಇನ್ನು ಹತ್ತು ಮಕ್ಕಳು ಬಂದು ಸೇರಿದರೆ ಸರಾಸರಿ ಕೂದಲೆಳೆಯಷ್ಟಾದರೂ ಅಲುಗಬೇಕು. ಆಮೇಲೆ ಇನ್ನೂ ಇಪ್ಪತ್ತು ಮಕ್ಕಳು ಬಂದರೂ ಮೂರನೆಯ ಸ್ಥಾನದ ಅಂಕಿ ಕದಲದಿದ್ದರೆ, ಅಳತೆಗೋಲನ್ನಲ್ಲ, ಅಳೆದವನನ್ನೇ ಸಂಶಯಿಸಬೇಕಾಗುತ್ತದೆ. ಒಂದು ಅಂಕಿ ಹಾಗೆ ನಿಂತರೆ ಕಾಕತಾಳೀಯ ಎನ್ನಬಹುದು. ಎರಡೆರಡು ಅಂಕಿಗಳು, ಮೂರು ಸಲ?

ಬರ್ಟ್‌ನ ಲೆಕ್ಕಕ್ಕೆ ಇನ್ನೊಂದು ಆಕರ್ಷಣೆಯೂ ಇತ್ತು. ಬೇರೆಯವರ ಅಧ್ಯಯನಗಳಲ್ಲಿ ಅಗಲಿದ ಅವಳಿಗಳು ಎಷ್ಟೋ ಸಲ ಬೆಳೆದದ್ದು ಚಿಕ್ಕಮ್ಮನ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ. ಮನೆಗಳೇ ಒಂದೇ ತೆರನಾಗಿದ್ದರೆ, ಹೊಂದಿಕೆ ಹುಟ್ಟಿನಿಂದ ಬಂತೆ, ಮನೆಯಿಂದ ಬಂತೆ ಎಂದು ಹೇಳುವುದು ಕಷ್ಟ. ತನ್ನ ಜೋಡಿಗಳ ಮನೆಗಳ ಅಂತಸ್ತಿಗೆ ಒಂದಕ್ಕೊಂದು ಸಂಬಂಧವೇ ಇಲ್ಲವೆಂದು ಬರ್ಟ್ ಹೇಳಿಕೊಂಡ. ಹಾಗೆ ಹೇಳಬಲ್ಲವನು ಆತನೊಬ್ಬನೇ. ಅಮೆರಿಕದ ಆರ್ಥರ್ ಜೆನ್ಸನ್ 1969ರಲ್ಲಿ, ಕರಿಯ ಮತ್ತು ಬಿಳಿಯ ಮಕ್ಕಳ ಅಂಕಗಳ ಅಂತರಕ್ಕೆ ಹುಟ್ಟೂ ಒಂದು ಕಾರಣವಿರಬಹುದೆಂದು ವಾದಿಸಿ ಕೋಲಾಹಲ ಎಬ್ಬಿಸಿದಾಗ, ಬುದ್ಧಿಯ ಆನುವಂಶಿಕತೆಗೆ ಆತ ನೆಚ್ಚಿಕೊಂಡ ಆಧಾರಗಳಲ್ಲಿ ಬರ್ಟ್‌ನ ಲೆಕ್ಕವೂ ಒಂದಾಗಿತ್ತು. ಒಬ್ಬ ಮುದುಕನ ಕೋಷ್ಟಕ ಎರಡು ಖಂಡಗಳ ಮಕ್ಕಳ ಭವಿಷ್ಯದ ಚರ್ಚೆಯಲ್ಲಿ ಸಾಕ್ಷಿ ನುಡಿಯುತ್ತಿತ್ತು.

ಇಲಿಗಳ ಪಂಡಿತನ ಪ್ರಶ್ನೆ

ಬರ್ಟ್ 1971ರ ಅಕ್ಟೋಬರಿನಲ್ಲಿ ತೀರಿಕೊಂಡ. ಅದೇ ವರ್ಷ ಅಮೆರಿಕದ ಮನೋವಿಜ್ಞಾನಿಗಳ ಸಂಘ ಆತನಿಗೆ ಥಾರ್ನ್‌ಡೈಕ್ ಪ್ರಶಸ್ತಿ ಕೊಟ್ಟು ಗೌರವಿಸಿತ್ತು. ಮರುವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಿಯಾನ್ ಕಾಮಿನ್‌ಗೆ ವಿದ್ಯಾರ್ಥಿಯೊಬ್ಬ ಬರ್ಟ್‌ನ ಪ್ರಬಂಧವೊಂದನ್ನು ಓದಲು ಹೇಳಿದ. ಕಾಮಿನ್ ಬುದ್ಧಿಮಾಪನದ ಕ್ಷೇತ್ರದವನಲ್ಲ. ಇಲಿಗಳು ಹೇಗೆ ಕಲಿಯುತ್ತವೆ ಎಂಬ ಪ್ರಯೋಗಗಳಲ್ಲಿ ಹೆಸರು ಮಾಡಿದವನು. ಇಲಿಗಳ ಪ್ರಯೋಗದಲ್ಲಿ ಎಷ್ಟು ಇಲಿ, ಯಾವ ಪೆಟ್ಟಿಗೆ, ಎಷ್ಟು ಹೊತ್ತು ಎಂದು ಎಲ್ಲವನ್ನೂ ಬರೆಯಬೇಕು. ಬರ್ಟ್‌ನ ಪ್ರಬಂಧದಲ್ಲಿ ಯಾವ ಪರೀಕ್ಷೆ ಕೊಟ್ಟರು, ಯಾರು ಕೊಟ್ಟರು, ಯಾವಾಗ ಕೊಟ್ಟರು ಎಂಬ ವಿವರಗಳೇ ಸರಿಯಾಗಿ ಇರಲಿಲ್ಲ. ಹುಡುಕುತ್ತ ಹೋದಂತೆ ಕದಲದ ಅಂಕಿಗಳು ಕಣ್ಣಿಗೆ ಬಿದ್ದವು. ಈ ಲೆಕ್ಕಗಳು ವಿಜ್ಞಾನದ ಪರಿಗಣನೆಗೆ ಯೋಗ್ಯವಲ್ಲ ಎಂದು ಆತ 1974ರಲ್ಲಿ ಪುಸ್ತಕ ಬರೆದ. ಅದೇ ವರ್ಷ, ಬರ್ಟ್‌ನ ಪರವಾಗಿದ್ದ ಜೆನ್ಸನ್ ಕೂಡ ತಪ್ಪುಗಳನ್ನು ಪಟ್ಟಿಮಾಡಿ, ಆ ಅಂಕಿಗಳನ್ನು ಇನ್ನು ನೆಚ್ಚಲಾಗದೆಂದು ಒಪ್ಪಿಕೊಂಡ. ಆದರೆ ಮೋಸ ಎಂಬ ಮಾತನ್ನು ಆತ ಆಡಲಿಲ್ಲ.

ಆ ಮಾತನ್ನು ಆಡಿದ್ದು ಪತ್ರಿಕೆ. 1976ರ ಅಕ್ಟೋಬರ್ 24ರಂದು ಲಂಡನ್ನಿನ 'ಸಂಡೇ ಟೈಮ್ಸ್' ಮುಖಪುಟದಲ್ಲಿ ಆಲಿವರ್ ಗಿಲ್ಲಿ ಎಂಬ ಪತ್ರಕರ್ತ ಬರ್ಟ್‌ನ ಮೇಲೆ ನೇರ ಆರೋಪ ಹೊರಿಸಿದ. ಬರ್ಟ್‌ಗಾಗಿ ಅವಳಿಗಳನ್ನು ಪರೀಕ್ಷಿಸಿದರೆನ್ನಲಾದ ಮಾರ್ಗರೆಟ್ ಹೊವರ್ಡ್ ಮತ್ತು ಜೆ. ಕಾನ್ವೇ ಎಂಬ ಇಬ್ಬರು ಮಹಿಳೆಯರ ಸುಳಿವೇ ಸಿಗುತ್ತಿಲ್ಲ ಎಂಬುದು ಆತನ ವರದಿಯ ತಿರುಳು. ಕಾನ್ವೇ ಹೆಸರಿನಲ್ಲಿ 1958ರಲ್ಲಿ ಒಂದು ಪ್ರಬಂಧವೂ ಬಂದಿತ್ತು. ಅದು ಪ್ರಕಟವಾದದ್ದು ಬರ್ಟ್ ತಾನೇ ಸಂಪಾದಕನಾಗಿದ್ದ ಪತ್ರಿಕೆಯಲ್ಲಿ! ಹೊವರ್ಡ್ ಎಂಬಾಕೆಯನ್ನು 1930ರ ದಶಕದಲ್ಲಿ ಕಂಡ ನೆನಪಿದೆ ಎಂಬ ಮಾತೂ ಆಮೇಲೆ ಕೇಳಿಬಂತು. ಆದರೆ ಆಕೆ 1950ರ ದಶಕದಲ್ಲಿ ಬರ್ಟ್‌ಗಾಗಿ ಕೆಲಸ ಮಾಡುತ್ತಿದ್ದಳೆನ್ನಲು ಪುರಾವೆ ಸಿಗಲಿಲ್ಲ.

ದಿನಚರಿಯ ಸಾಕ್ಷಿ

ತೀರ್ಪು ಬಂದದ್ದು ಅನಿರೀಕ್ಷಿತ ದಿಕ್ಕಿನಿಂದ. ಬರ್ಟ್‌ನ ಸಂಸ್ಮರಣೆಯಲ್ಲಿ ಆತನನ್ನು ಕೊಂಡಾಡಿ ಮಾತನಾಡಿದ್ದ ಲಿವರ್‌ಪೂಲಿನ ಪ್ರಾಧ್ಯಾಪಕ ಲೆಸ್ಲಿ ಹರ್ನ್‌ಷಾನನ್ನು, ಅಣ್ಣನ ಜೀವನಚರಿತ್ರೆ ಬರೆಯುವಂತೆ ಬರ್ಟ್‌ನ ತಂಗಿಯೇ ಕೇಳಿಕೊಂಡಿದ್ದಳು. ಹರ್ನ್‌ಷಾ ಅಭಿಮಾನದಿಂದಲೇ ಕೆಲಸ ಆರಂಭಿಸಿದ. ಬರ್ಟ್‌ನ ದಿನಚರಿಗಳೂ ಪತ್ರಗಳೂ ಆತನ ಕೈಗೆ ಬಂದವು. ಯಾರು ಬಂದರು, ಯಾರ ಜೊತೆ ಚಹಾ ಕುಡಿದೆ ಎಂಬುದೆಲ್ಲ ಇದ್ದ ಆ ದಿನಚರಿಗಳಲ್ಲಿ ಹೊಸ ಅವಳಿಗಳನ್ನು ಪರೀಕ್ಷಿಸಿದ ಕುರುಹು ಇರಲಿಲ್ಲ. ಕಾನ್ವೇ ಬಂದುಹೋದ ಸುದ್ದಿಯೂ ಇರಲಿಲ್ಲ.

ಎಲ್ಲಕ್ಕಿಂತ ಮನಸ್ಸಿಗೆ ನಾಟುವುದು ಒಂದು ಪತ್ರದ ಕಥೆ. ಅಮೆರಿಕದ ಸಮಾಜಶಾಸ್ತ್ರಜ್ಞ ಕ್ರಿಸ್ಟೊಫರ್ ಜೆಂಕ್ಸ್ 53 ಜೋಡಿಗಳ ಮೂಲ ಅಂಕಗಳನ್ನು ಕಳಿಸಿಕೊಡುವಂತೆ ಬರ್ಟ್‌ಗೆ ಬರೆದಿದ್ದ. ಕ್ರಿಸ್‌ಮಸ್ ರಜೆಯಲ್ಲಿ ಊರಿನಲ್ಲಿರಲಿಲ್ಲ, ಅಂಕಗಳು ಕಾಲೇಜಿನಲ್ಲಿದ್ದವು, ಅದಕ್ಕೇ ತಡವಾಯಿತು ಎಂದು ಬರ್ಟ್ 1969ರ ಜನವರಿಯಲ್ಲಿ ಉತ್ತರಿಸಿದ. ಆದರೆ ದಿನಚರಿ ಹೇಳುವುದೇ ಬೇರೆ. ಜನವರಿಯ ಮೊದಲ ದಿನಗಳನ್ನು ಆತ ಮನೆಯಲ್ಲಿ ಕುಳಿತು, ಜೆಂಕ್ಸ್‌ಗಾಗಿ ಅವಳಿಗಳ ಅಂಕಗಳನ್ನು 'ಲೆಕ್ಕ ಹಾಕುವುದರಲ್ಲಿ' ಕಳೆದಿದ್ದ. ಇದ್ದ ಅಂಕಗಳನ್ನು ನಕಲು ಮಾಡಲು ಅಷ್ಟು ದಿನ ಬೇಕಿಲ್ಲ. ಉತ್ತರ ಮೊದಲೇ ಇತ್ತು. ಅದಕ್ಕೆ ಹೊಂದುವ ಅಂಕಗಳನ್ನು ಆಮೇಲೆ ಕಟ್ಟಲಾಯಿತು ಎಂಬ ನಿರ್ಣಯಕ್ಕೆ ಹರ್ನ್‌ಷಾ ಬಂದ. ಆತನ ಪುಸ್ತಕ 1979ರಲ್ಲಿ ಹೊರಬಂತು. ಮರುವರ್ಷ ಬ್ರಿಟಿಷ್ ಸೈಕಲಾಜಿಕಲ್ ಸೊಸೈಟಿ ಆ ನಿರ್ಣಯವನ್ನು ಒಪ್ಪಿತು.

ಕಥೆ ಅಲ್ಲಿಗೇ ಮುಗಿಯಲಿಲ್ಲ. 1989ರಲ್ಲಿ ರಾಬರ್ಟ್ ಜಾಯ್ನ್‌ಸನ್, 1991ರಲ್ಲಿ ರೊನಾಲ್ಡ್ ಫ್ಲೆಚರ್ ಬರ್ಟ್‌ನ ಪರವಾಗಿ ಪುಸ್ತಕಗಳನ್ನು ಬರೆದರು. ಎರಡನೆಯ ಮಹಾಯುದ್ಧದ ಬಾಂಬು ದಾಳಿಯಲ್ಲಿ ಬರ್ಟ್‌ನ ಕಾಗದಪತ್ರಗಳು ಹಾಳಾಗಿದ್ದವು. ಉಳಿದವನ್ನು ಅಲ್ಲಲ್ಲಿ ಹುಡುಕಿ ಸೇರಿಸುತ್ತ ಬಂದದ್ದರಿಂದ ಗೊಂದಲವಾಗಿರಬಹುದು. ಸತ್ತವನು ಬಂದು ಉತ್ತರ ಹೇಳಲಾರ ಎಂಬುದು ಅವರ ವಾದ. 1992ರಲ್ಲಿ ಸೊಸೈಟಿ ಈ ವಿಷಯದಲ್ಲಿ ತನ್ನದೇ ಆದ ನಿಲುವಿಲ್ಲ ಎಂದು ಹಿಂದೆ ಸರಿಯಿತು. 1995ರಲ್ಲಿ ನಿಕೊಲಸ್ ಮೆಕಿನ್‌ಟಾಷ್ ಸಂಪಾದಿಸಿದ ಪುಸ್ತಕ ಎರಡೂ ಕಡೆಯ ವಾದಗಳನ್ನು ತೂಗಿ, ಅವಳಿಗಳ ಅಂಕಿಗಳನ್ನು ನಂಬಲು ಸಾಧ್ಯವಿಲ್ಲ, ಮೋಸದ ಶಂಕೆ ಬಲವಾಗಿದೆ ಎಂಬ ಕಡೆಗೇ ವಾಲಿತು. ಮೂಲ ಕಾಗದಗಳನ್ನು ನೋಡಿ ತೀರ್ಮಾನಿಸೋಣವೆಂದರೆ, ಬರ್ಟ್‌ನ ಮನೆಯ ಟೀ ಪೆಟ್ಟಿಗೆಗಳಲ್ಲಿದ್ದ ರಾಶಿ ಕಾಗದಗಳನ್ನು ಆತ ಸತ್ತ ಕೆಲವೇ ದಿನಗಳಲ್ಲಿ ಸುಟ್ಟುಹಾಕಲಾಗಿತ್ತು.

ಉತ್ತರ ಸರಿ, ಲೆಕ್ಕ ತಪ್ಪು

ಈ ಪ್ರಕರಣದ ಅತ್ಯಂತ ಸ್ವಾರಸ್ಯದ ತಿರುವು ಇನ್ನೊಂದು. ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬುಷಾರ್ಡ್ ಮತ್ತು ಸಂಗಡಿಗರು 1979ರಿಂದ ಅಗಲಿ ಬೆಳೆದ ಅವಳಿಗಳನ್ನು ಕರೆಸಿ, ಒಬ್ಬೊಬ್ಬರನ್ನೂ ದಿನಗಟ್ಟಲೆ ಪರೀಕ್ಷಿಸಿದರು. 1990ರಲ್ಲಿ ಅವರು ಪ್ರಕಟಿಸಿದ ಸಂಖ್ಯೆ 0.7ರ ಆಸುಪಾಸಿನದು, ಬರ್ಟ್‌ನ 0.771ಕ್ಕೆ ಬಹಳ ದೂರವೇನಲ್ಲ. ಇಂಗ್ಲೆಂಡಿನಲ್ಲೇ ಜೇಮ್ಸ್ ಶೀಲ್ಡ್ಸ್ 1962ರಲ್ಲಿ ಪ್ರಕಟಿಸಿದ ಸಂಖ್ಯೆಯೂ ಹತ್ತಿರದ್ದೇ.

ಹಾಗಾದರೆ ಬರ್ಟ್ ಹೇಳಿದ್ದು ಸರಿಯೇ ಆಯಿತಲ್ಲ ಎಂದು ಕೇಳುವವರಿದ್ದಾರೆ. ಮೇಷ್ಟರು ಗಣಿತದ ಉತ್ತರ ಪತ್ರಿಕೆ ತಿದ್ದುವಾಗ, ಪಕ್ಕದವನನ್ನು ನೋಡಿ ಬರೆದ ಸರಿಯುತ್ತರಕ್ಕೆ ಅಂಕ ಕೊಡುವುದಿಲ್ಲ. ವಿಜ್ಞಾನದಲ್ಲಿ ಇದು ಇನ್ನೂ ಗಂಭೀರ. ಏಕೆಂದರೆ ಉತ್ತರವೆಂಬುದು ಒಂದು ಸಂಖ್ಯೆಯಷ್ಟೇ ಅಲ್ಲ, ಅದರ ಎಲ್ಲೆಗಳೂ ಸೇರಿ ಉತ್ತರ. 2003ರಲ್ಲಿ ಅಮೆರಿಕದ ಎರಿಕ್ ಟರ್ಕ್‌ಹೈಮರ್ ಮತ್ತು ಸಂಗಡಿಗರು ಏಳು ವರ್ಷದ ಅವಳಿ ಮಕ್ಕಳನ್ನು ಪರಿಶೀಲಿಸಿದಾಗ, ಅನುಕೂಲಸ್ಥರ ಮಕ್ಕಳಲ್ಲಿ ಹುಟ್ಟಿನ ಪಾತ್ರ ದೊಡ್ಡದಾಗಿ ಕಂಡಿತು. ಕಡುಬಡವರ ಮಕ್ಕಳಲ್ಲಿ ಮನೆಯ ಪರಿಸ್ಥಿತಿಯ ಪಾತ್ರವೇ ಮೇಲುಗೈ ಪಡೆಯಿತು. ಮನೆಗಳ ವ್ಯತ್ಯಾಸಕ್ಕೆ ಬೆಲೆಯೇ ಇಲ್ಲವೆನ್ನುವಂತಿದ್ದ ಬರ್ಟ್‌ನ ಕೋಷ್ಟಕ ಮುಚ್ಚಿಟ್ಟದ್ದು ಇಂಥ ಪ್ರಶ್ನೆಗಳನ್ನೇ.

ದೋಷ ಬರ್ಟ್ ಒಬ್ಬನದೇ ಎಂದು ಕೈತೊಳೆದುಕೊಳ್ಳುವಂತಿಲ್ಲ. ಆ ಅಂಕಿಗಳು ಕಪಾಟಿನಲ್ಲಿ ಬಚ್ಚಿಟ್ಟ ಗುಟ್ಟಾಗಿರಲಿಲ್ಲ. ಅಚ್ಚಾಗಿ, ಗ್ರಂಥಾಲಯಗಳಲ್ಲಿ ಎಲ್ಲರ ಕಣ್ಣೆದುರಿಗೇ ವರ್ಷಗಟ್ಟಲೆ ಬಿದ್ದಿದ್ದವು. ಒಪ್ಪಿಗೆಯಿದ್ದವರು ಉದ್ಧರಿಸಿದರು, ಒಪ್ಪದವರು ಸಿದ್ಧಾಂತವನ್ನು ಬೈದರು. ಕೋಷ್ಟಕಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಇಲ್ಲ. 'ಸರ್' ಪದವಿಯ, ಪತ್ರಿಕೆಯ ಸಂಪಾದಕನಾದ, ತಮಗೇ ಪಾಠ ಹೇಳಿದ ಗುರುವಿನ ಕೂಡಿಸು ಕಳೆಯುವ ಲೆಕ್ಕವನ್ನು ಪರೀಕ್ಷಿಸುವುದು ಅವಿನಯವೆಂದು ತೋರಿರಬೇಕು.

ಆ ವಿನಯಕ್ಕೆ ಎಷ್ಟು ಬೆಲೆ ತೆರಬೇಕೆಂಬುದನ್ನು ಮನೋವಿಜ್ಞಾನ ನಿಧಾನವಾಗಿ ಕಲಿಯಿತು. 2015ರಲ್ಲಿ ನೂರಾರು ಸಂಶೋಧಕರು ಸೇರಿ, ಹೆಸರಾಂತ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಮೊದಲಿನಂತೆಯೇ ಸ್ಪಷ್ಟ ಫಲಿತಾಂಶ ಸಿಕ್ಕಿದ್ದು ಸುಮಾರು ಮೂರನೇ ಒಂದು ಪಾಲಿಗೆ ಮಾತ್ರ. ಅವುಗಳಲ್ಲೆಲ್ಲ ಮೋಸವಿತ್ತೆಂದಲ್ಲ, ಚಿಕ್ಕ ಗುಂಪುಗಳು, ಅವಸರದ ತೀರ್ಮಾನಗಳು, ಬೇಕಾದದ್ದನ್ನೇ ಆರಿಸಿಕೊಳ್ಳುವ ಚಾಳಿ, ಇವೇ ಸಾಕಾಗಿದ್ದವು. ಈಚೆಗೆ ಅನೇಕ ಪತ್ರಿಕೆಗಳು ಪ್ರಬಂಧದ ಜೊತೆಗೆ ಮೂಲ ಅಂಕಗಳನ್ನೂ ಎಲ್ಲರಿಗೂ ತೆರೆದಿಡುವಂತೆ ಕೇಳುತ್ತವೆ. ಪ್ರಯೋಗಕ್ಕೆ ಮೊದಲೇ ಅದರ ಯೋಜನೆಯನ್ನು ನೋಂದಾಯಿಸುವ ಪದ್ಧತಿಯೂ ಬೆಳೆದಿದೆ.

ಜೆಂಕ್ಸ್ ಬರೆದ ಆ ಪತ್ರದಲ್ಲಿ ಆರೋಪವಾಗಲಿ ಸಂಶಯವಾಗಲಿ ಇರಬೇಕಿರಲಿಲ್ಲ. ನಿಮ್ಮ ಅಂಕಗಳನ್ನು ಕಳಿಸಿಕೊಡಿ ಎಂಬಷ್ಟೇ ಕೋರಿಕೆ ಸಾಕಾಗಿತ್ತು. ಅಂಥದೊಂದು ಪತ್ರವನ್ನು ಯಾರಾದರೂ 1955ರಲ್ಲೇ ಬರೆದಿದ್ದರೆ, ಬುದ್ಧಿಯ ಹೆಸರಿನಲ್ಲಿ ಮಕ್ಕಳ ಹಣೆಬರಹ ಬರೆಯುವ ಚರ್ಚೆಯಲ್ಲಿ ಆ ಕೋಷ್ಟಕ ಇಪ್ಪತ್ತು ವರ್ಷ ಸಾಕ್ಷಿ ಹೇಳುತ್ತಿರಲಿಲ್ಲ.