ಚಳಿನಾಡಿನ ಕೋಳಿಮನೆ

ಕೋಳಿ ಮೂಲತಃ ಉಷ್ಣದೇಶದ ಹಕ್ಕಿ. ಅದರ ಮೂಲಪುರುಷ ಏಷ್ಯಾದ ಬಿದಿರುಮೆಳೆಗಳ ಕೆಂಪು ಕಾಡುಕೋಳಿ. ಸಾಕುಕೋಳಿಯ ಹಳದಿ ಚರ್ಮ ಮಾತ್ರ ನಮ್ಮ ಪಶ್ಚಿಮಘಟ್ಟದಲ್ಲಿಯೂ ಕಾಣಸಿಗುವ ಬೂದು ಕಾಡುಕೋಳಿಯಿಂದ ಬಂದಿರಬೇಕೆಂದು 2008ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಹೇಳುತ್ತದೆ. ಹುಂಜದ ಕೆಂಪು ಜುಟ್ಟನ್ನು ನಾವು ಕಿರೀಟವೆಂದು ಬಣ್ಣಿಸುತ್ತೇವೆ. ಆದರೆ ರಕ್ತನಾಳಗಳು ತುಂಬಿದ ಆ ಮಾಂಸದ ಹಾಳೆ ಬೇಸಗೆಯಲ್ಲಿ ಮೈಯ ಕಾವನ್ನು ಹೊರಚೆಲ್ಲುವ ಸಾಧನವೂ ಹೌದು. ಇಂಥ ಹಕ್ಕಿಯನ್ನು ಯೂರೋಪಿನ ವಲಸೆಗಾರರು ಉತ್ತರ ಅಮೆರಿಕದ ಹಿಮಪ್ರದೇಶಕ್ಕೆ ಒಯ್ದರು. ಅಲ್ಲಿ ಕಿರೀಟವೇ ಅದಕ್ಕೆ ಮುಳುವಾಯಿತು.

ಚಳಿ ತಾಗಿದ ಜುಟ್ಟಿನ ತುದಿಗಳು ಮೊದಲು ಬಿಳಿಚುತ್ತವೆ, ಆಮೇಲೆ ಕರ್ರಗಾಗಿ ಉದುರುತ್ತವೆ. ಗದ್ದದ ಕೆಳಗಣ ಜೋಲುಗಳು ನೀರು ಕುಡಿಯುವಾಗ ಒದ್ದೆಯಾಗಿ ಇನ್ನೂ ಬೇಗ ಹೆಪ್ಪುಗಟ್ಟುತ್ತವೆ. ನೋವುಂಡ ಹುಂಜದ ಸಂತಾನಶಕ್ತಿಯೂ ಕುಂದುತ್ತದೆ. ಒಕ್ಕಲುಮನೆಯ ಹೆಂಗಸರಿಗೆ ಮೊಟ್ಟೆಯ ಕಾಸೇ ಕೈಗಾಸು. ಮೊಟ್ಟೆಗೆ ಒಳ್ಳೆಯ ಬೆಲೆ ಬರುವುದೂ ಚಳಿಗಾಲದಲ್ಲೇ. ಆದುದರಿಂದ ಇದು ಸಣ್ಣ ನಷ್ಟವಾಗಿರಲಿಲ್ಲ.

ಚಳಿಯೆಂದರೆ ಬಾಗಿಲು ಮುಚ್ಚುವುದು ಮನುಷ್ಯಸಹಜ. ರೈತರು ಬಿರುಕುಗಳಿಗೆಲ್ಲ ಹುಲ್ಲು ತುರುಕಿದರು; ಕೆಲವರು ಒಲೆಯನ್ನೂ ಹೂಡಿದರು. ಜುಟ್ಟುಗಳು ಕರ್ರಗಾಗುವುದು ಮಾತ್ರ ನಿಲ್ಲಲಿಲ್ಲ. ಕಾರಣವನ್ನು ನೋಡಿ. ಕೋಳಿಯ ಮೈಶಾಖ ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿಯ ಹೊದಿಕೆಯೊಳಗೆ ಅದು ಬೆಚ್ಚಗಿರಬಲ್ಲುದು. ಆದರೆ ಮೊಟ್ಟೆಯಿಡುವ ಹೇಂಟೆಯೊಂದು ದಿನಕ್ಕೆ ಸುಮಾರು ಕಾಲು ಲೀಟರಿನಷ್ಟು ನೀರು ಕುಡಿಯುತ್ತದೆ. ಮೊಟ್ಟೆಗೆ ಸೇರುವ ಪಾಲು ಕಳೆದರೆ ಉಳಿದದ್ದೆಲ್ಲ ಉಸಿರು ಮತ್ತು ಹಿಕ್ಕೆಗಳ ಮೂಲಕ ಹೊರಬರುತ್ತದೆ. ಮುಚ್ಚಿದ ಮನೆಯಲ್ಲಿ ಐವತ್ತು ಕೋಳಿಗಳಿದ್ದರೆ ದಿನವೂ ಹತ್ತು ಲೀಟರಿನ ಲೆಕ್ಕ! ತಣ್ಣನೆಯ ಗಾಳಿ ಈ ಆವಿಯನ್ನು ಹೊರಲಾರದು. ಗೋಡೆ ಬೆವರುತ್ತದೆ, ಸೂರು ತೊಟ್ಟಿಕ್ಕುತ್ತದೆ, ಹಾಸಿದ ಹುಲ್ಲು ನೆನೆದು ಅಮೋನಿಯದ ಘಾಟು ಕಣ್ಣಿಗೆ ಹೊಡೆಯುತ್ತದೆ. ಒದ್ದೆಯಾದ ಜುಟ್ಟು ಒಣಜುಟ್ಟಿಗಿಂತ ಬೇಗ ಹೆಪ್ಪುಗಟ್ಟುತ್ತದೆ. ಚಳಿಗಿಂತ ಹೆಚ್ಚಿನ ಶತ್ರುವನ್ನು ರೈತನು ತಾನೇ ಒಳಗೆ ಕೂಡಿಹಾಕಿದ್ದನು.

ಇದಕ್ಕೆ ಮದ್ದು ಬಾಗಿಲು ತೆರೆಯುವುದೇ ಆಗಿತ್ತು. ಅಮೆರಿಕದ ಮೇನ್ ಸಂಸ್ಥಾನದ ಕೃಷಿ ಪ್ರಯೋಗಕೇಂದ್ರದಲ್ಲಿ ಗೋವೆಲ್ ಎಂಬವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಂಭಾಗಕ್ಕೆ ಬಟ್ಟೆಯ ಪರದೆಯುಳ್ಳ ಕೋಳಿಮನೆಯನ್ನು ರೂಪಿಸಿದರು. ಹಗಲೆಲ್ಲ ತೆರೆದಿರುತ್ತಿದ್ದ ಪರದೆಯನ್ನು ರಾತ್ರಿಯಲ್ಲಿ, ಬಿರುಗಾಳಿಯಲ್ಲಿ ಇಳಿಬಿಡುತ್ತಿದ್ದರು. ಕೋಳಿಗಳು ಕೂರುವ ಅಡ್ಡಗೋಲುಗಳು ಹಿಂಭಾಗದಲ್ಲಿ, ಗಾಳಿಯ ಹೊಡೆತಕ್ಕೆ ಸಿಗದಂತೆ. ಪ್ರಿನ್ಸ್ ವುಡ್ಸ್ ಎಂಬ ವೈದ್ಯರಂತೂ 1912ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎಲ್ಲ ಹವಾಮಾನಗಳಿಗೂ ತೆರೆದ ಕೋಳಿಮನೆಯೇ ತಕ್ಕದ್ದೆಂದು ವಾದಿಸಿದರು. ಕ್ಷಯರೋಗಿಗಳನ್ನು ಚಳಿಗಾಲದಲ್ಲಿಯೂ ತೆರೆದ ಜಗಲಿಯಲ್ಲಿ ಮಲಗಿಸುತ್ತಿದ್ದ ಕಾಲವದು. ಕೋಳಿಯ ವಿಷಯದಲ್ಲಿ ವೈದ್ಯರೊಬ್ಬರು ಹೀಗೆ ಯೋಚಿಸಿದ್ದು ನನಗೆ ಬರಿಯ ಆಕಸ್ಮಿಕವೆನಿಸುವುದಿಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ, ಮಾಂಟ್ರಿಯಲ್ ಬಳಿಯ ಓಕಾ ಎಂಬಲ್ಲಿಯ ಟ್ರಾಪಿಸ್ಟ್ ಮಠದ ಸನ್ಯಾಸಿ ವಿಲ್ಫ್ರಿಡ್ ಶಾತಲೇನ್ ಹಿಡಿದ ದಾರಿಯೇ ಬೇರೆ. ಅವರು ಮನೆಯನ್ನಲ್ಲ, ಕೋಳಿಯನ್ನೇ ತಿದ್ದಲು ಹೊರಟರು. 1908ರಲ್ಲಿ ತೊಡಗಿ, ಕಾರ್ನಿಷ್, ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್, ವಯಾಂಡಾಟ್, ಪ್ಲಿಮತ್ ರಾಕ್ ತಳಿಗಳನ್ನು ಕೂಡಿಸುತ್ತ ಹೋದರು. ಕೊನೆಗೆ ಬಂದದ್ದು ತಲೆಗೆ ಅಂಟಿಕೊಂಡ ಪುಟ್ಟ ದಿಂಬಿನಂಥ ಜುಟ್ಟಿನ, ಕಂಡೂ ಕಾಣದ ಜೋಲುಗಳ ಬಿಳಿಯ ಹಕ್ಕಿ. ಚಳಿ ಕಚ್ಚಲು ಅಲ್ಲಿ ಏನೂ ಉಳಿದಿರಲಿಲ್ಲ. ಅಮೆರಿಕದ ಕೋಳಿತಳಿಗಳ ಅಧಿಕೃತ ಪಟ್ಟಿಗೆ ಅದು 1921ರಲ್ಲಿ ಸೇರಿತು.

ಹೆಸರು ಶಾಂತೆಕ್ಲೇರ್, ‘ಸ್ಪಷ್ಟವಾಗಿ ಹಾಡುವವನು’ ಎಂದರ್ಥ. ಮಧ್ಯಯುಗದ ನರಿಯ ಕಥೆಗಳಲ್ಲಿ ಬರುವ ಹುಂಜದ ಹೆಸರದು. ತನ್ನ ಕೂಗಿನಿಂದಲೇ ಸೂರ್ಯನು ಹುಟ್ಟುತ್ತಾನೆಂದು ನಂಬಿದ ಹುಂಜವನ್ನು ನಾಯಕನನ್ನಾಗಿಸಿ ಎಡ್ಮಂಡ್ ರೋಸ್ತಾನ್ ಬರೆದ ಇದೇ ಹೆಸರಿನ ನಾಟಕ 1910ರಲ್ಲಿ ಪ್ಯಾರಿಸಿನ ರಂಗವನ್ನೇರಿತ್ತು. ಜುಟ್ಟಿನ ಬೆಡಗನ್ನು ಕಳೆದುಕೊಂಡ ಹಕ್ಕಿಗೆ ಇಷ್ಟು ಠೀವಿಯ ಹೆಸರು!

ವಿದ್ಯುದ್ದೀಪದ ಭಾರಿ ಕೋಳಿಶಾಲೆಗಳು ಬಂದ ಮೇಲೆ ಈ ತಳಿಯನ್ನು ಕೇಳುವವರು ಕಡಿಮೆಯಾದರು. 1979ರಲ್ಲಿ ಸಸ್ಕಾಚೆವಾನ್ ವಿಶ್ವವಿದ್ಯಾನಿಲಯದಲ್ಲಿದ್ದ ಹುಂಜವೊಂದು ಸತ್ತಾಗ ತಳಿಯೇ ಅಳಿಯಿತೆಂದು ಭಾವಿಸಿದರು. ಆದರೆ ಸಣ್ಣ ರೈತರ ಹಿತ್ತಿಲುಗಳಲ್ಲಿ ಅದು ಸದ್ದಿಲ್ಲದೆ ಉಳಿದಿತ್ತು. 1999ರಲ್ಲಿ ಕ್ವಿಬೆಕ್ ಅದನ್ನು ಕಾನೂನಿನ ಮೂಲಕ ತನ್ನ ಪರಂಪರೆಯ ತಳಿಯೆಂದು ಸಾರಿತು. ಓಕಾದ ಸನ್ಯಾಸಿಗಳು ಹತ್ತು ವರ್ಷಗಳ ಬಳಿಕ, 2009ರಲ್ಲಿ, ಆ ಹಳೆಯ ಮಠವನ್ನು ಬಿಟ್ಟು ಬೇರೆಡೆಗೆ ಹೊರಟುಹೋದರು.