ಬೌದ್ಧಧರ್ಮದ ಮೂಲವಿವಾದವೂ ಕರ್ಣಾಟಕದ ಶಾಸನಸಾಕ್ಷ್ಯವೂ

ಬುದ್ಧನ ಧರ್ಮವು ಯಾವ ರಾಷ್ಟ್ರಕ್ಕೆ ಸೇರಿದುದೆಂಬ ಪ್ರಶ್ನೆಯು ಪ್ರಾಚೀನರನ್ನು ಬಾಧಿಸಿದಂತೆ ತೋರುವುದಿಲ್ಲ. ಅದು ಆಧುನಿಕ ಕಾಲದ ಪ್ರಶ್ನೆ. ಬುದ್ಧನು ಜನಿಸಿದ ಲುಂಬಿನಿಯು ಇಂದು ನೇಪಾಳದಲ್ಲಿದೆ; ಬೋಧಿಯನ್ನು ಪಡೆದ ಗಯೆಯೂ, ಧರ್ಮಚಕ್ರವನ್ನು ಪ್ರವರ್ತಿಸಿದ ಸಾರನಾಥವೂ, ನಿರ್ವಾಣವನ್ನು ಹೊಂದಿದ ಕುಶಿನಗರವೂ ಭಾರತದಲ್ಲಿವೆ; ತ್ರಿಪಿಟಕವು ಲಿಪಿಬದ್ಧವಾದುದು ಸಿಂಹಳದಲ್ಲೆಂದು ಅಲ್ಲಿಯ ವಂಶಕಥೆಗಳು ಹೇಳುತ್ತವೆ. ಈ ಒಂದೊಂದು ಸಂಗತಿಯೂ ಇಂದು ಒಂದೊಂದು ರಾಷ್ಟ್ರದ ಹಕ್ಕುಪತ್ರದಂತೆ ಮಂಡಿತವಾಗುತ್ತಿರುವುದನ್ನು ನಾವು ಕಾಣುತ್ತಿದ್ದೇವೆ. ಈ ವಿವಾದದಲ್ಲಿ ಕರ್ಣಾಟಕದ ಪ್ರಾಚೀನ ಶಾಸನಗಳು ಏನನ್ನು ಹೇಳುತ್ತವೆ, ಅದಕ್ಕಿಂತ ಮುಖ್ಯವಾಗಿ ಏನನ್ನು ಹೇಳುವುದಿಲ್ಲ, ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವಿವಾದದ ಸ್ವರೂಪವನ್ನು ಗಮನಿಸೋಣ. 1896ರಲ್ಲಿ ಲುಂಬಿನಿಯ ಅಶೋಕಸ್ತಂಭದ ಶಾಸನವು ಬೆಳಕಿಗೆ ಬಂದಿತು. ಶಾಕ್ಯಮುನಿಯು ಇಲ್ಲಿ ಹುಟ್ಟಿದನೆಂದು ಅದು ಸ್ಪಷ್ಟವಾಗಿ ಸಾರುವುದರಿಂದ ಜನ್ಮಸ್ಥಳದ ವಿಚಾರದಲ್ಲಿ ವಿದ್ವಾಂಸರಿಗೆ ಸಂಶಯವುಳಿಯಲಿಲ್ಲ. ಆದರೆ ಬುದ್ಧನು ಬೆಳೆದ ಕಪಿಲವಸ್ತುವಿನ ವಿಷಯ ಹಾಗಲ್ಲ. ನೇಪಾಳದ ತಿಲೌರಾಕೋಟವೇ ಅದೆಂದು 1899ರಲ್ಲಿ ಪೂರ್ಣಚಂದ್ರ ಮುಖರ್ಜಿಯವರು ಸಮರ್ಥಿಸಿದರು. ಅದರ ಹಿಂದಿನ ವರ್ಷ ಉತ್ತರಪ್ರದೇಶದ ಪಿಪ್ರಾವಾದ ಸ್ತೂಪದಲ್ಲಿ ಪೆಪ್ಪೆಯವರಿಗೆ ಬುದ್ಧನ ಧಾತುಗಳೆಂದು ಬರೆದ ಕರಂಡಕವು ದೊರೆತಿತ್ತು. 1970ರ ದಶಕದ ಆರಂಭದಲ್ಲಿ ಅಲ್ಲಿಯೇ ಶ್ರೀವಾಸ್ತವರು ನಡೆಸಿದ ಉತ್ಖನನದಲ್ಲಿ ಕಪಿಲವಸ್ತುವಿನ ಭಿಕ್ಷುಸಂಘವನ್ನು ಹೆಸರಿಸುವ ಮಣ್ಣಿನ ಮುದ್ರೆಗಳು ಸಿಕ್ಕವು. ಒಂದೆಡೆ ಕೋಟೆಯುಳ್ಳ ಪಟ್ಟಣ, ಇನ್ನೊಂದೆಡೆ ಹೆಸರುಳ್ಳ ಮುದ್ರೆ; ನಡುವೆ ಹಾದುಹೋಗುವುದು ಇಂದಿನ ಗಡಿರೇಖೆ. ಮುದ್ರೆಗಳು ಕುಷಾಣರ ಕಾಲದ ವಿಹಾರವೊಂದನ್ನು ಸೂಚಿಸುತ್ತವೆಯೇ ಹೊರತು ಶುದ್ಧೋದನನ ರಾಜಧಾನಿಯನ್ನು ತಾವಾಗಿ ಸ್ಥಾಪಿಸಲಾರವು. ಹಾಗೆಯೇ ಕೋಟೆಯಿದ್ದ ಮಾತ್ರಕ್ಕೆ ಅದರ ಹೆಸರು ಸಿದ್ಧಿಸುವುದಿಲ್ಲ.

ಇಂತಹ ಸಾಕ್ಷ್ಯಗಳು ಪಂಡಿತರ ಕೈಯಿಂದ ರಾಜ್ಯಾಂಗದವರ ಕೈಗೆ ಸೇರಿದಾಗ ಅವುಗಳ ಸ್ವಭಾವವೇ ಬದಲಾಗುತ್ತದೆ. 1952ರಲ್ಲಿ ಸಾರಿಪುತ್ರ ಮೌದ್ಗಲ್ಯಾಯನರ ಧಾತುಗಳು ಇಂಗ್ಲೆಂಡಿನಿಂದ ಮರಳಿ ಸಾಂಚಿಯಲ್ಲಿ ಪ್ರತಿಷ್ಠಿತವಾದವು. 1954ರಿಂದ 1956ರವರೆಗೆ ಬರ್ಮಾ ದೇಶವು ರಂಗೂನಿನಲ್ಲಿ ಆರನೆಯ ಸಂಗೀತಿಯನ್ನು ನಡೆಸಿತು. 1956ರಲ್ಲಿ ಭಾರತವು ಬುದ್ಧಜಯಂತಿಯ 2500ನೆಯ ವರ್ಷವನ್ನು ವೈಭವದಿಂದ ಆಚರಿಸಿತು. ಚೀನವು ತನ್ನಲ್ಲಿದ್ದ ದಂತಧಾತುವನ್ನು 1955ರಲ್ಲಿ ಬರ್ಮಾಕ್ಕೂ 1961ರಲ್ಲಿ ಸಿಂಹಳಕ್ಕೂ ದರ್ಶನಾರ್ಥವಾಗಿ ಕಳುಹಿಸಿತು. 2006ರಲ್ಲಿ ಚೀನವು ವಿಶ್ವ ಬೌದ್ಧ ಸಮ್ಮೇಳನವನ್ನು ಕರೆದರೆ, 2011ರಲ್ಲಿ ದಿಲ್ಲಿಯಲ್ಲಿ ಅಂತಹುದೇ ಮಹಾಸಭೆ ಸೇರಿತು. 2022ರಲ್ಲಿ ಪಿಪ್ರಾವಾದ ಧಾತುಗಳನ್ನು ಭಾರತವು ಮಂಗೋಲಿಯಕ್ಕೆ ಕಳುಹಿಸಿದಾಗ ಅವುಗಳನ್ನು 'ಕಪಿಲವಸ್ತುವಿನ ಧಾತು'ಗಳೆಂದು ಕರೆಯಲಾಯಿತು. ಇನ್ನೂ ಇತ್ಯರ್ಥವಾಗದ ಭೂಗೋಳದ ಪ್ರಶ್ನೆಯೊಂದು ಆ ಹೆಸರಿನಲ್ಲಿಯೇ ತೀರ್ಮಾನವಾಗಿಬಿಟ್ಟಿದೆ ಎಂಬುದನ್ನು ವಾಚಕರು ಲಕ್ಷಿಸಬೇಕು.

ಇದು ದೂರದ ಜಗಳವೆಂದು ಭಾವಿಸಬೇಕಾಗಿಲ್ಲ. ನಮ್ಮ ನಾಡಿನಲ್ಲಿಯೂ ಇದರ ಸಣ್ಣ ರೂಪಗಳಿವೆ. ಅಶೋಕನ ಕಾಲದಲ್ಲಿ ಮೊಗ್ಗಲಿಪುತ್ತ ತಿಸ್ಸ ಸ್ಥವಿರನು ನಾನಾ ದೇಶಗಳಿಗೆ ಧರ್ಮಪ್ರಚಾರಕರನ್ನು ಕಳುಹಿಸಿದನೆಂದೂ, ಮಹಿಷಮಂಡಲಕ್ಕೆ ಮಹಾದೇವನೂ ವನವಾಸಕ್ಕೆ ರಕ್ಖಿತನೂ ಹೋದರೆಂದೂ ಸಿಂಹಳದ ಮಹಾವಂಸದಲ್ಲಿ ಹೇಳಿದೆ. ಮಹಿಷಮಂಡಲವೆಂದರೆ ಮೈಸೂರು ಸೀಮೆಯೆಂಬುದು ರೈಸ್ ಅವರ ಮತ. ಅದು ನರ್ಮದಾತೀರದ ಮಾಹಿಷ್ಮತಿಯ ಪ್ರದೇಶವೆಂದು ಫ್ಲೀಟ್ ಅವರು ಪ್ರತಿಪಾದಿಸಿದರು. ಸಂಗಂ ಸಾಹಿತ್ಯದಲ್ಲಿ ಬರುವ ಎರುಮೈಯೂರಿನ ಒಡೆಯನ ಉಲ್ಲೇಖವು ಮೊದಲನೆಯ ಪಕ್ಷಕ್ಕೆ ಬಲಕೊಡುತ್ತದೆ. ಪುರಾಣೇತಿಹಾಸಗಳಲ್ಲಿ ಮಾಹಿಷ್ಮತಿಗಿರುವ ಪ್ರಸಿದ್ಧಿಯು ಎರಡನೆಯದಕ್ಕೆ. ಮಹಿಷಮಂಡಲವನ್ನು ವನವಾಸದ ಪಕ್ಕದಲ್ಲಿಯೇ ಹೇಳಿರುವುದರಿಂದ ಮೈಸೂರಿನ ಪಕ್ಷವು ಹೆಚ್ಚು ಸಂಭವನೀಯವೆಂದು ನಮಗೆ ತೋರುತ್ತದೆ. ಆದರೆ ಸಂಭವನೀಯವಾದುದನ್ನು ಸಿದ್ಧವಾದುದೆಂದು ಪಠ್ಯಪುಸ್ತಕದಲ್ಲಿ ಬರೆಯುವುದು ಸಾಧುವಲ್ಲ.

ಸುವರ್ಣಗಿರಿಯ ವಿಚಾರವೂ ಹೀಗೆಯೇ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ 1892ರಲ್ಲಿ ರೈಸ್ ಅವರು ಕಂಡುಹಿಡಿದ ಶಾಸನಗಳಿಂದ, ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆಜ್ಞೆಯನ್ನು ಕಳುಹಿಸಿದರೆಂದು ತಿಳಿದುಬರುತ್ತದೆ. ಈ ಸುವರ್ಣಗಿರಿಯು ಮಸ್ಕಿಯೆಂದು ಕೆಲವರು, ಕನಕಗಿರಿಯೆಂದು ಕೆಲವರು, ಆಂಧ್ರದ ಎರ್ರಗುಡಿಯ ಬಳಿಯ ಜೊನ್ನಗಿರಿಯೆಂದು ಮತ್ತೆ ಕೆಲವರು ಹೇಳುತ್ತಾರೆ. ಮೂರು ಕಡೆಗಳಲ್ಲಿಯೂ ಆಧಾರವಿದೆ, ಮೂರು ಕಡೆಗಳಲ್ಲಿಯೂ ಕೊರತೆಯಿದೆ. ಮೌರ್ಯರ ದಕ್ಷಿಣಪ್ರಾಂತವು ಒಂದೇ ಆಗಿದ್ದಾಗ ಅದರ ರಾಜಧಾನಿಯು ಇಂದಿನ ಯಾವ ರಾಜ್ಯಕ್ಕೆ ಸಲ್ಲಬೇಕೆಂದು ಕಲಹಿಸುವುದರಿಂದ ಇತಿಹಾಸಕ್ಕಾಗುವ ಲಾಭವೇನು?

ಶಾಸನಗಳನ್ನೇ ಸಾವಧಾನವಾಗಿ ಓದಿದರೆ ಅವು ಬೇರೊಂದು ಚಿತ್ರವನ್ನು ಕೊಡುತ್ತವೆ. ಬ್ರಹ್ಮಗಿರಿಯ ಶಾಸನವನ್ನು ಬರೆದ ಲಿಪಿಕಾರನ ಹೆಸರು ಚಪಡ. ಶಾಸನವನ್ನೆಲ್ಲ ಬ್ರಾಹ್ಮಿಯಲ್ಲಿ ಬರೆದ ಈತನು ತನ್ನ ಉದ್ಯೋಗನಾಮವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಖರೋಷ್ಠಿಯು ಗಾಂಧಾರದ ಲಿಪಿ. ಆದುದರಿಂದ ವಾಯವ್ಯದಲ್ಲಿ ಹುಟ್ಟಿದ, ಅಥವಾ ಅಲ್ಲಿ ಬರಹ ಕಲಿತ, ಒಬ್ಬ ವ್ಯಕ್ತಿಯು ಮಗಧದ ಅರಸನ ಮಾತನ್ನು ಪ್ರಾಕೃತಭಾಷೆಯಲ್ಲಿ ಮೊಳಕಾಲ್ಮೂರಿನ ಬಂಡೆಗೆ ಇಳಿಸಿದನೆಂದು ಊಹಿಸಬಹುದು. ಕರ್ಣಾಟಕದ ಅತ್ಯಂತ ಪ್ರಾಚೀನ ಲಿಖಿತಸಾಕ್ಷ್ಯಗಳಲ್ಲೊಂದು ಹೀಗೆ ಮೂರು ದೇಶಗಳ ಕೂಡುವಿಕೆಯಿಂದ ಹುಟ್ಟಿದೆ. ಇದನ್ನು ಒಂದೇ ದೇಶದ ಸೊತ್ತೆಂದು ಹೇಳಲು ಹೊರಟರೆ ಆ ಶಿಲೆಯೇ ಅಡ್ಡಬರುತ್ತದೆ.

ಮಸ್ಕಿಯ ಶಾಸನವು ಇನ್ನೂ ದೊಡ್ಡ ಪಾಠವನ್ನು ಕಲಿಸುತ್ತದೆ. 1837ರಲ್ಲಿ ಪ್ರಿನ್ಸೆಪ್ ಅವರು ಬ್ರಾಹ್ಮೀಲಿಪಿಯನ್ನು ಓದಿದಾಗ ಶಾಸನಗಳಲ್ಲಿ ದೊರೆತುದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು ಮಾತ್ರ. ಈತನು ಯಾರೆಂಬುದನ್ನು ತಿಳಿಸಿದುದು ಸಿಂಹಳದ ದೀಪವಂಸ. ಅದನ್ನು ಓದಿ ಪ್ರಿಯದರ್ಶಿಯೇ ಅಶೋಕನೆಂದು ತೋರಿಸಿದವರು ಆ ದ್ವೀಪದಲ್ಲಿ ಅಧಿಕಾರದಲ್ಲಿದ್ದ ಟರ್ನರ್ ಅವರು. ಆದರೂ ತಾಳೆಗರಿಯ ಮಾತಿಗೆ ಶಿಲೆಯ ಸಮ್ಮತಿ ದೊರೆಯಲು 1915ರವರೆಗೆ ಕಾಯಬೇಕಾಯಿತು. ಆ ವರ್ಷ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರು ಕಂಡ ಶಾಸನದಲ್ಲಿ ಅಶೋಕನ ಹೆಸರು ಮೊತ್ತಮೊದಲು ಕಾಣಿಸಿಕೊಂಡಿತು. ಅರಸನು ತನ್ನನ್ನು ಬುದ್ಧನ ಅನುಯಾಯಿಯೆಂದು ಕರೆದುಕೊಂಡಿರುವುದೂ ಅಲ್ಲಿದೆ. ತರುವಾಯ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳ ಶಾಸನಗಳಲ್ಲಿಯೂ ಈ ಹೆಸರು ದೊರೆಯಿತು. ಸಿಂಹಳದ ಗ್ರಂಥವಿಲ್ಲದಿದ್ದರೆ ಪ್ರಿಯದರ್ಶಿಯು ಬಹುಕಾಲ ಅಜ್ಞಾತನಾಗಿರುತ್ತಿದ್ದನು. ಕರ್ಣಾಟಕದ ಶಿಲೆಯಿಲ್ಲದಿದ್ದರೆ ಗ್ರಂಥದ ಮಾತು ಊಹೆಯಾಗಿಯೇ ಉಳಿಯುತ್ತಿತ್ತು. ಪರಸ್ಪರ ಪ್ರತಿವಾದಿಗಳೆಂದು ನಾವು ಭಾವಿಸುವ ಎರಡು ನಾಡುಗಳು ಇಲ್ಲಿ ಒಂದಕ್ಕೊಂದು ಸಾಕ್ಷಿಗಳಾಗಿ ನಿಂತಿವೆ.

ಬನವಾಸಿಯ ವಿಚಾರವನ್ನು ನೋಡಿದರೆ ಕೊಟ್ಟವರಾರು, ಕೊಂಡವರಾರು ಎಂಬ ವಿಭಾಗವೇ ಸಡಿಲವಾಗುತ್ತದೆ. ಮಹಾವಂಸದ ಪ್ರಕಾರ ವನವಾಸಕ್ಕೆ ಧರ್ಮವು ಪಾಟಲಿಪುತ್ರದ ಕಡೆಯಿಂದ ಬಂದಿತು. ಅದೇ ಗ್ರಂಥದಲ್ಲಿ, ದುಟ್ಠಗಾಮಣಿಯು ಮಹಾಸ್ತೂಪಕ್ಕೆ ಅಸ್ತಿಭಾರವನ್ನಿಟ್ಟಾಗ ವನವಾಸದಿಂದ ಚಂದಗುತ್ತ ಸ್ಥವಿರನು ಭಿಕ್ಷುಗಳೊಡನೆ ಲಂಕೆಗೆ ಬಂದನೆಂದಿದೆ. ಮೂರನೆಯ ಶತಮಾನದ ನಾಗಾರ್ಜುನಕೊಂಡದ ಶಾಸನವೊಂದರಲ್ಲಿ ತಾಮ್ರಪರ್ಣಿಯ, ಎಂದರೆ ಸಿಂಹಳದ, ಆಚಾರ್ಯರು ಕಾಶ್ಮೀರ, ಗಾಂಧಾರ, ಚೀನ ಮೊದಲಾದ ದೇಶಗಳೊಡನೆ ವನವಾಸಿಯನ್ನೂ ಧರ್ಮದಿಂದ ಸಂತೋಷಪಡಿಸಿದವರೆಂಬ ಹೊಗಳಿಕೆಯಿದೆ. ಒಂದೇ ಬನವಾಸಿಯು ಒಮ್ಮೆ ಶಿಷ್ಯನಂತೆಯೂ ಒಮ್ಮೆ ಗುರುವಿನಂತೆಯೂ ಮತ್ತೊಮ್ಮೆ ಶಿಷ್ಯನಂತೆಯೂ ಕಾಣುತ್ತದೆ. ಇಕ್ಷ್ವಾಕುವಂಶದ ರಾಜಪುತ್ರಿಯೂ ವನವಾಸದ ಮಹಾರಾಜನ ರಾಣಿಯೂ ಆದ ಕೊಡಬಲಿಸಿರಿಯು ನಾಗಾರ್ಜುನಕೊಂಡದಲ್ಲಿ ಮಹೀಶಾಸಕ ಆಚಾರ್ಯರಿಗಾಗಿ ವಿಹಾರವನ್ನು ಕಟ್ಟಿಸಿದಳು. ಕಾರ್ಲೆಯ ಮಹಾಚೈತ್ಯವನ್ನು ಪೂರ್ಣಗೊಳಿಸಿದವನು ವೈಜಯಂತಿಯ ಶ್ರೇಷ್ಠಿ ಭೂತಪಾಲ. ವೈಜಯಂತಿಯು ಬನವಾಸಿಯೆಂದು ಬಹುಮಂದಿ ವಿದ್ವಾಂಸರ ಮತ. ಆ ಚೈತ್ಯವು ಜಂಬೂದ್ವೀಪದಲ್ಲಿಯೇ ಉತ್ತಮವೆಂದು ಅಲ್ಲಿಯ ಶಾಸನವು ಹೇಳುತ್ತದೆ. ತನ್ನ ಊರಿನಲ್ಲಿ ಅದಕ್ಕಿಂತ ದೊಡ್ಡದಿದೆಯೇ ಎಂದು ಆ ಶ್ರೇಷ್ಠಿಯು ಎಣಿಸಲಿಲ್ಲ. ಅವನ ಅಳತೆಗೋಲು ಜಂಬೂದ್ವೀಪ.

ಹಾಗಾದರೆ ಕರ್ಣಾಟಕದ ಬೌದ್ಧಧರ್ಮವು ಹೊರಗಿನಿಂದ ಬಂದು ಹೊರಗಿನದಾಗಿಯೇ ಉಳಿಯಿತೆ? ಈ ಆಕ್ಷೇಪಕ್ಕೂ ಉತ್ತರವುಂಟು. ಭೀಮಾತೀರದ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ನಡೆದ ಉತ್ಖನನದಿಂದ ಹೊರಬಂದ ಮಹಾಚೈತ್ಯದ ಶಿಲ್ಪಗಳಲ್ಲಿ ಅಶೋಕನ ಹೆಸರುಳ್ಳ ಪ್ರತಿಮೆಯೂ ಶಾತವಾಹನರಾಜರ ಪ್ರತಿಮೆಗಳೂ ಇವೆ. ಬಹುಕಾಲದ ಬಳಿಕವೂ, 1065ರಲ್ಲಿ, ಬಳ್ಳಿಗಾವೆಯಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತೀ ಬೌದ್ಧವಿಹಾರವನ್ನು ಕಟ್ಟಿಸಿದನು. 1095ರಲ್ಲಿ ಡಂಬಳದ ವಿಹಾರಕ್ಕೆ ದತ್ತಿ ಸಂದಿತು, ಅದನ್ನು ಕಟ್ಟಿಸಿದವರು ಅಲ್ಲಿಯ ಹದಿನಾರು ಮಂದಿ ಸೆಟ್ಟಿಗಳು. ಇವು ಕನ್ನಡದ ಶಾಸನಗಳು, ದಾನಿಗಳು ಈ ನೆಲದವರು. ಒಂದೂವರೆ ಸಾವಿರ ವರ್ಷಗಳಷ್ಟು ಬಾಳಿದುದನ್ನು ಅತಿಥಿಯೆನ್ನಲಾಗುವುದಿಲ್ಲ. ಆದರೆ ಮನೆಯವನಾದುದರಿಂದಲೇ ಅವನು ಇಲ್ಲಿ ಹುಟ್ಟಿದವನೆಂದು ಸಾಧಿಸಬೇಕಾಗಿಯೂ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ವಿವಾದಗಳ ಮೂಲದೋಷವೆಂದರೆ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದಾಗಿ ಬೆರೆಸಿರುವುದು. ಧರ್ಮವು ಎಲ್ಲಿ ಹುಟ್ಟಿತು ಎಂಬುದು ಒಂದು. ಎಲ್ಲೆಲ್ಲಿ ಹೇಗೆ ಹರಡಿತು ಎಂಬುದು ಎರಡನೆಯದು. ಅದನ್ನು ಯಾರು ಕಾಪಾಡಿದರು ಎಂಬುದು ಮೂರನೆಯದು. ಹುಟ್ಟಿದ ನಾಡು ಕಳೆದುಕೊಂಡುದನ್ನು ಪಡೆದ ನಾಡು ಉಳಿಸಿಕೊಂಡ ನಿದರ್ಶನವು ನಮ್ಮೆದುರಿಗೇ ಇದೆ. 1960ರಲ್ಲಿ ಬೈಲಕುಪ್ಪೆಯಲ್ಲಿಯೂ 1966ರಲ್ಲಿ ಮುಂಡಗೋಡಿನಲ್ಲಿಯೂ ನೆಲೆಗಳನ್ನು ಪಡೆದ ಟಿಬೆಟ್ಟಿನ ನಿರಾಶ್ರಿತರು ಸೇರಾ, ಡ್ರೆಪುಂಗ್, ಗಾಂದೆನ್ ವಿದ್ಯಾಪೀಠಗಳನ್ನು ಕನ್ನಡನಾಡಿನಲ್ಲಿ ಮತ್ತೆ ಕಟ್ಟಿಕೊಂಡಿದ್ದಾರೆ. ಭಾರತದ ಆಚಾರ್ಯರ ಗ್ರಂಥಗಳಲ್ಲಿ ಸಂಸ್ಕೃತಮೂಲ ನಷ್ಟವಾಗಿ ಟಿಬೆಟ್ ಭಾಷೆಯಲ್ಲಿ ಮಾತ್ರ ಉಳಿದವು ಅನೇಕವಿವೆ. ಅಂತಹವುಗಳ ಅಧ್ಯಯನವು ಇಂದು ಮೈಸೂರು, ಉತ್ತರಕನ್ನಡ ಜಿಲ್ಲೆಗಳಲ್ಲಿ ನಡೆಯುತ್ತಿದೆ.

ಕೊನೆಯದಾಗಿ ಸನ್ನತಿಯ ಒಂದು ಶಿಲೆಯನ್ನು ನೆನೆಯಬೇಕು. 1980ರ ದಶಕದ ಕೊನೆಯಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದಲ್ಲಿ ದೇವಿಯ ಪೀಠವಾಗಿದ್ದ ಹಾಸುಗಲ್ಲಿನಲ್ಲಿ ಅಶೋಕನ ಶಾಸನವು ಪತ್ತೆಯಾಯಿತು. ವಿಗ್ರಹವನ್ನು ನಿಲ್ಲಿಸಲು ಕಲ್ಲಿನ ನಡುವೆ ಕುಳಿಯನ್ನು ಕೊರೆದುದರಿಂದ ಅಕ್ಷರಗಳು ನಷ್ಟವಾಗಿವೆ. ಅದುವರೆಗೆ ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ತಿಳಿದಿದ್ದ ಪ್ರತ್ಯೇಕಶಾಸನಗಳ ಜತೆಗೆ ಹನ್ನೆರಡನೆಯ ಶಿಲಾಶಾಸನದ ಭಾಗವೂ ಆ ಕಲ್ಲಿನಲ್ಲಿದೆ. ತನ್ನ ಪಂಥದ ಮೇಲಣ ಅಭಿಮಾನದಿಂದ ಅದನ್ನೇ ಹೊಗಳಿ ಪರಪಂಥವನ್ನು ನಿಂದಿಸುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿಯನ್ನುಂಟುಮಾಡುತ್ತಾನೆಂಬುದೇ ಹನ್ನೆರಡನೆಯ ಶಾಸನದ ಸಾರ. ರಾಷ್ಟ್ರಗಳ ಹಕ್ಕುವಾದಗಳಿಗೂ ಇದು ಸಲ್ಲುತ್ತದೆಯೆಂದು ಹೇಳಬಹುದು. ನಾಡಿನ ಹಿರಿಮೆಯನ್ನು ಸಾರುವುದಕ್ಕಿಂತ ಮೊದಲು ನಾವು ಮಾಡಬೇಕಾದುದು ಇಂತಹ ಕಲ್ಲುಗಳನ್ನು ಮಳೆಬಿಸಿಲುಗಳಿಂದಲೂ ಅಲಕ್ಷ್ಯದಿಂದಲೂ ಕಾಪಾಡುವುದು, ಅವುಗಳನ್ನು ಓದಬಲ್ಲ ವಿದ್ಯಾರ್ಥಿಗಳನ್ನು ತಯಾರುಮಾಡುವುದು, ಮತ್ತು ಅವು ಹೇಳದೆ ಇರುವುದನ್ನು ಅವುಗಳ ಬಾಯಿಂದ ಹೇಳಿಸದೆ ಇರುವುದು.