ಹಕ್ಕಲಿನ ಪಾಲು

ನಮ್ಮ ಹಿಂದೂಪುರ, ಕಲ್ಯಾಣದುರ್ಗದ ಕಡೆ ಕಡಲೆಗಿಡ ಕಿತ್ತ ಮೇಲೆ ಹೆಂಗಸರು ಹಕ್ಕಲಿಗೆ ಇಳಿಯುತ್ತಾರೆ. ಕೆಂಪು ಮಣ್ಣಲ್ಲೇ ಉಳಿದ ಕಾಯನ್ನು ಕೆದಕಿ ಸೆರಗಿಗೆ ತುಂಬಿಕೊಳ್ಳುತ್ತಾರೆ. ಅದನ್ನು ನೋಡಿ ಬೆಳೆದ ನನಗೆ ಬೈಬಲಿನ ರೂತಳ ಕಥೆ ಪರದೇಶದ್ದು ಅನ್ನಿಸಲೇ ಇಲ್ಲ. ಬೇತ್ಲೆಹೇಮಿನಲ್ಲಿ ಆ ವಿಧವೆ ಆಯ್ದದ್ದು ಜವೆಗೋಧಿ, ಅಷ್ಟೇ.

ಯೆಹೂದ್ಯರ ಹಬ್ಬಗಳೂ ಹೊಲ, ಕಣ ನೋಡಿಯೇ ಬರುತ್ತಿದ್ದವು. ಪಸ್ಕದ ಹೊತ್ತಿಗೆ ಜವೆಗೋಧಿಯ ಮೊದಲ ಸಿವುಡು. ಅಲ್ಲಿಂದ 50ನೇ ದಿನಕ್ಕೆ ಹೊಸ ಗೋಧಿಯ ಎರಡು ಹುಳಿರೊಟ್ಟಿ. ಬೆಳೆಯೆಲ್ಲ ಮನೆ ಸೇರಿದ ಮೇಲೆ ಏಳು ದಿನ ಪರ್ಣಶಾಲೆಯ ವಾಸ. ಆ ಮೊದಲ ಸಿವುಡಿನ ಹಾಗೆ, ಸತ್ತವರೊಳಗಿಂದ ಎದ್ದ ಕ್ರಿಸ್ತನನ್ನು ಪೌಲ ಪ್ರಥಮಫಲ ಎಂದ. ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದದ್ದೂ ಆ 50ನೇ ದಿನವೇ.

ಈ ಸೀಮೆಗೆ ಬೈಬಲ್ ಬಂದದ್ದು ಬಳ್ಳಾರಿಯ ದಾರಿಯಲ್ಲಿ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತಂದರು. ಆಗ ಈ ಸೀಮೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು; ಅನಂತಪುರ ಬೇರೆ ಜಿಲ್ಲೆಯಾದದ್ದು 1882ರಲ್ಲಿ. ಚರ್ಚಿನ ಸುಗ್ಗಿ ಆರಾಧನೆಯ ಈಗಿನ ರೂಪ ಮಾತ್ರ ಇಂಗ್ಲೆಂಡಿನದು. 1843ರಲ್ಲಿ ಕಾರ್ನ್‌ವಾಲ್‌ನ ಪಾದ್ರಿ ಹಾಕರ್ ಶುರುಮಾಡಿದ್ದು.

ಆ ಆರಾಧನೆಗೆ ತಂದ ಕಾಣಿಕೆಗಳ ಹರಾಜು ನಮಗೆ ಬಲು ಇಷ್ಟ. ಕುಂಬಳಕಾಯಿ, ಬೆಲ್ಲದಚ್ಚು, ಕಾಲು ಕಟ್ಟಿದ ಕೋಳಿ. ಕೂಗಿ ಕೊಂಡದ್ದನ್ನೇ ಮತ್ತೆ ಹರಾಜಿಗೆ ಬಿಡುವವರೂ ಉಂಟು! ಆದರೆ ಹೊಲದ ಅಂಚನ್ನು ಬಡವರಿಗೆ ಬಿಡಿ ಎಂಬ ಆಜ್ಞೆ ಹಬ್ಬಗಳ ಪಟ್ಟಿಯಿರುವ ಯಾಜಕಕಾಂಡದ 23ನೇ ಅಧ್ಯಾಯದಲ್ಲೇ ಇದೆ. ಅದನ್ನು ಹರಾಜಿನ ದಿನ ಯಾರೂ ಓದುವುದಿಲ್ಲ. ಓದಬೇಕು ಅಂತ ನನ್ನ ತಕರಾರು.